ಮತೇರಾದಲ್ಲಿ ಎರಡು ರಾತ್ರಿ: ಅಮ್ಮ, ನಾನು ಮತ್ತು ಒಂದು ಹಳೇ ನೀರಿನ ತೊಟ್ಟಿ

ಮೊದಲೇ ಹೇಳಿಬಿಡುತ್ತೇನೆ, ದಕ್ಷಿಣ ಇಟಲಿಯ ಮತೇರಾಕ್ಕೆ ಹೋಗುವುದಾದರೆ ಎರಡು ರಾತ್ರಿ ಇಟ್ಟುಕೊಳ್ಳಿ. ಬಾರಿ ನಗರದಿಂದ ಬೆಳಿಗ್ಗೆ ಬಂದು ಸಂಜೆ ವಾಪಸ್ ಹೋಗುವವರು ತುಂಬಾ ಜನ. ಅವರಿಗೆ ಸಿಗುವುದು ನೆತ್ತಿ ಸುಡುವ ಬಿಸಿಲು, ಕಣ್ಣು ಕುಕ್ಕುವ ಬಿಳಿ ಕಲ್ಲು, ಐಸ್‌ಕ್ರೀಮ್ ಅಂಗಡಿ ಮುಂದಿನ ಸಾಲು. ಅವರ ಬಸ್ಸುಗಳು ಹೊರಟ ಮೇಲೆ ಇರುವ ಊರೇ ಬೇರೆ. ನನಗೆ ತುಂಬಾ ಇಷ್ಟವಾಯಿತು. ಆದರೆ ಎಲ್ಲರಿಗೂ ಸುಮ್ನೆ ಹೋಗಿ ಬನ್ನಿ ಅನ್ನುವ ಊರಲ್ಲ, ಮಂಡಿ ನೋವು ಇರುವವರಿಗಂತೂ ಸ್ವಲ್ಪ ತಯಾರಿ ಬೇಕು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಾನಿರುವುದು ಮ್ಯೂನಿಕ್‌ನಲ್ಲಿ. ಮೇ ತಿಂಗಳಲ್ಲಿ ಮೈಸೂರಿನಿಂದ ಅಮ್ಮ ಬಂದಿದ್ದಳು. ಅವಳಿಗೆ ಅರವತ್ತಾರು, ಎಡ ಮಂಡಿ ಆಗಾಗ ಕೈಕೊಡುತ್ತದೆ, ಮೊಟ್ಟೆಯನ್ನೂ ತಿನ್ನುವುದಿಲ್ಲ. ಅವಳ ಷೆಂಗೆನ್ ವೀಸಾ ಇಟಲಿಗೂ ನಡೆಯುತ್ತದಲ್ಲ, ಒಂದು ವಾರಾಂತ್ಯ ಎಲ್ಲಿಗಾದರೂ ಕರೆದುಕೊಂಡು ಹೋಗೋಣ ಅನ್ನಿಸಿತು. ರೋಮ್, ವೆನಿಸ್ ಎರಡನ್ನೂ ಅವಳೇ ಬೇಡ ಅಂದಳು. "ದಸರಾ ಜನ ನೋಡಿ ಸಾಕಾಗಿದೆ, ನೆಮ್ಮದಿಯಾಗಿ ಕೂತುಕೊಳ್ಳೋ ಜಾಗ ಹೇಳು" ಅಂದಳು.

ವಿಮಾನದಲ್ಲಿ ಬಾರಿ ತಲುಪಲು ಎರಡು ಗಂಟೆಯೂ ಬೇಡ. ವಿಮಾನ ನಿಲ್ದಾಣದಿಂದ ಊರೊಳಗಿನ ದೊಡ್ಡ ಸ್ಟೇಷನ್‌ಗೆ ರೈಲಿದೆ, ಇಪ್ಪತ್ತು ನಿಮಿಷದ ದಾರಿ. ಅಲ್ಲಿ ಹೊರಗೆ ಬಂದರೆ ಅದೇ ಚೌಕದಲ್ಲಿ ಇನ್ನೊಂದು ಚಿಕ್ಕ ಸ್ಟೇಷನ್ ಸಿಗುತ್ತದೆ, ಅಪ್ಪುಲೊ ಲುಕಾನೆ ರೈಲ್ವೆಯದು. ಮತೇರಾಕ್ಕೆ ಹೋಗುವ ರೈಲು ಇಲ್ಲಿಂದಲೇ. ದೊಡ್ಡ ಸ್ಟೇಷನ್ನಿನ ಬೋರ್ಡಿನಲ್ಲಿ ಹುಡುಕುತ್ತಾ ನಿಂತರೆ ಸಿಗುವುದಿಲ್ಲ, ನೆನಪಿರಲಿ. ಟಿಕೆಟ್ ಐದು ಯೂರೊ ಆಸುಪಾಸು, ಸುಮಾರು 65 ಕಿಲೋಮೀಟರ್ ದೂರಕ್ಕೆ ಒಂದೂವರೆ ಗಂಟೆಯ ಮೇಲೆ ಹಿಡಿಯುತ್ತದೆ. ಹಳಿಯ ಅಗಲ 950 ಮಿಲಿಮೀಟರ್, ಅಂದರೆ ನಮ್ಮ ಮೀಟರ್ ಗೇಜ್‌ಗಿಂತ ಒಂದು ಗೇಣಿನ ಕಾಲು ಭಾಗದಷ್ಟು ಕಡಿಮೆ. ಮೈಸೂರು ಬೆಂಗಳೂರು ನಡುವೆ ಮೀಟರ್ ಗೇಜ್ ಇದ್ದ ಕಾಲದಲ್ಲಿ ಓಡಾಡಿದವಳು ಅಮ್ಮ, ರೈಲು ಹೊರಟು ಐದು ನಿಮಿಷಕ್ಕೆ "ಈ ಕುಲುಕಾಟ ನನಗೆ ಗೊತ್ತು" ಅಂದಳು. ಕಿಟಕಿಯಲ್ಲಿ ಆಲಿವ್ ತೋಟ, ಆಮೇಲೆ ಕಣ್ಣು ಹಾಯುವಷ್ಟೂ ಗೋಧಿ ಹೊಲ. ಕೆಲವು ರೈಲುಗಳಾದರೆ ಆಲ್ತಮುರಾದಲ್ಲಿ ಇಳಿದು ಬದಲಿಸಬೇಕಾಗುತ್ತದೆ, ಹತ್ತುವಾಗಲೇ ಕೇಳಿಕೊಳ್ಳಿ.

ಇನ್ನು ಕೋಣೆಯ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಮತೇರಾದ ಹಳೇ ಭಾಗಕ್ಕೆ ಸಾಸ್ಸಿ ಅನ್ನುತ್ತಾರೆ, ಸಾಸ್ಸಿ ಅಂದರೆ ಕಲ್ಲುಗಳು. ಗ್ರಾವಿನಾ ಅನ್ನುವ ಆಳವಾದ ಕಣಿವೆಯ ಅಂಚಿನಲ್ಲಿ ಎರಡು ದೊಡ್ಡ ಬೋಗುಣಿಯ ಹಾಗೆ ಎರಡು ಕೇರಿ: ಸಾಸ್ಸೊ ಕವೆಯೋಸೊ, ಸಾಸ್ಸೊ ಬರಿಸಾನೊ. ಮಧ್ಯದ ಗುಡ್ಡದ ತುದಿಯಲ್ಲಿ ಹದಿಮೂರನೇ ಶತಮಾನದ ದೊಡ್ಡ ಚರ್ಚು. ಮೆತ್ತಗಿನ ಸುಣ್ಣದ ಕಲ್ಲನ್ನು ಕೊರೆದು ಮಾಡಿದ ಮನೆಗಳು ಒಂದರ ತಲೆ ಮೇಲೆ ಒಂದು. ನೀವು ನಡೆಯುವ ದಾರಿ ಕೆಳಗಿನ ಮನೆಯ ಛಾವಣಿ. ಈಗ ಇವುಗಳಲ್ಲಿ ಎಷ್ಟೋ ಗುಹೆಗಳು ಹೋಟೆಲ್ ಆಗಿವೆ, ಬಾಡಿಗೆ ಕೋಣೆ ಆಗಿವೆ.

ನಾವು ಹಿಡಿದದ್ದು ಬರಿಸಾನೊದಲ್ಲಿ ಒಂದು ಗುಹೆ ಕೋಣೆ, ರಾತ್ರಿಗೆ 118 ಯೂರೊ. ಹೆಸರು ಹೇಳುವುದಿಲ್ಲ. ಜಾಹೀರಾತಿನಲ್ಲಿ "ಕೆಲವೇ ಮೆಟ್ಟಿಲು" ಅಂತ ಇತ್ತು. ವಾಹನ ನಿಲ್ಲುವ ಜಾಗದಿಂದ ಬಾಗಿಲವರೆಗೆ ನಾನು ಎಣಿಸಿದೆ, ತೊಂಬತ್ತೊಂದು. ಒಂದೊಂದು ಮೆಟ್ಟಿಲೂ ಒಂದೊಂದು ಎತ್ತರ, ಕಲ್ಲು ಸವೆದು ನುಣ್ಣಗಾಗಿದೆ. ಒಂದು ಕೈಯಲ್ಲಿ ಸೂಟ್‌ಕೇಸು, ಇನ್ನೊಂದು ಕೈಯಲ್ಲಿ ಅಮ್ಮ. ಮೊದಲೇ ಫೋನಿನಲ್ಲಿ ಮಂಡಿ ನೋವಿನ ವಿಷಯ ಹೇಳಿದ್ದೆ, "ಏನೂ ತೊಂದರೆ ಇಲ್ಲ" ಅಂದಿದ್ದರು. ನನಗೆ ನಿಜಕ್ಕೂ ಸಿಟ್ಟು ಬಂತು. ವಯಸ್ಸಾದವರನ್ನು ಕರೆದುಕೊಂಡು ಬರುವವರು ಇಂಥ ಉತ್ತರವನ್ನು ನಂಬಿಯೇ ದುಡ್ಡು ಕಟ್ಟುವುದು.

ಒಳಗೆ ನೋಡಿದರೆ ಕೋಣೆ ಚೆಂದವಾಗಿತ್ತು. ಬಿಳಿ ಹಾಸಿಗೆ, ಹಳದಿ ದೀಪ, ಕಲ್ಲಿನ ಗೋಡೆ. ಆದರೆ ಕಿಟಕಿಯೇ ಇಲ್ಲ, ಮತ್ತು ತೇವದ ವಾಸನೆ. ಮಳೆಗಾಲದಲ್ಲಿ ಬೀರುವಿನಿಂದ ಬರುತ್ತಲ್ಲ, ಅದೇ. ಮೂಲೆಯಲ್ಲಿ ತೇವ ಹೀರುವ ಯಂತ್ರ ರಾತ್ರಿಯಿಡೀ ಗುಂಯ್‌ಗುಟ್ಟುತ್ತಿತ್ತು, ಬೆಳಿಗ್ಗೆ ನೋಡಿದರೆ ಅದರ ಡಬ್ಬಿ ಭರ್ತಿ ನೀರು. ಒಗೆದು ಹರವಿದ್ದ ಅಮ್ಮನ ರವಿಕೆ ಎರಡು ದಿನವಾದರೂ ಒಣಗಲಿಲ್ಲ. ಛಾವಣಿಯ ನಟ್ಟನಡುವೆ ಒಂದು ದುಂಡನೆ ತೂತು, ತಟ್ಟೆಯಷ್ಟು ಅಗಲ, ಅದಕ್ಕೆ ಗಾಜು ಮುಚ್ಚಿದ್ದರು. ಬೆಳಕಿಗೆ ಇರಬೇಕು ಅಂದುಕೊಂಡೆವು.

ಆ ತೂತು ಏನು ಅಂತ ಗೊತ್ತಾಗಿದ್ದು ಶನಿವಾರ ಬೆಳಿಗ್ಗೆ, ಪಲೊಂಬಾರೊ ಲುಂಗೊ ನೋಡಿದಾಗ. ನನ್ನ ಮಾತು ಕೇಳುವುದಾದರೆ ಮತೇರಾದಲ್ಲಿ ಮೊದಲು ನೋಡಬೇಕಾದ ಜಾಗ ಇದೇ, ಚರ್ಚುಗಳಿಗೂ ಮೊದಲು. ವಿಟ್ಟೋರಿಯೊ ವೆನೆತೊ ಅನ್ನುವ ದೊಡ್ಡ ಚೌಕದ ಅಡಿಯಲ್ಲಿ ಇರುವ ನೀರಿನ ತೊಟ್ಟಿ ಅದು. ತೊಟ್ಟಿ ಅಂದರೆ ನಮ್ಮ ಮನೆಯ ಸಂಪು ನೆನಪಿಸಿಕೊಳ್ಳಬೇಡಿ, ಒಳಗೆ ಇಳಿದರೆ ದೇವಸ್ಥಾನದ ಹಾಗಿದೆ. ಬಂಡೆಯನ್ನೇ ಕಂಬವಾಗಿ ಬಿಟ್ಟು ಸುತ್ತ ಕೊರೆದಿದ್ದಾರೆ, ಎತ್ತರ ಸುಮಾರು 15 ಮೀಟರ್, ಹಿಡಿಯುವುದು 50 ಲಕ್ಷ ಲೀಟರ್. ಬೆಂಗಳೂರಿನಲ್ಲಿ ಓಡಾಡುವ 12 ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕ ಹಾಕಿ, ನಾನೂರು ಲೋಡಿಗೂ ಜಾಸ್ತಿ. ಮಳೆ ನೀರು ಮತ್ತು ಸುತ್ತಲಿನ ಒರತೆ ನೀರು ಇಲ್ಲಿ ಸೇರುತ್ತಿತ್ತು. ಊರಿಗೆ ನಲ್ಲಿ ನೀರು ಬಂದ ಮೇಲೆ ಇದನ್ನು ಕೈಬಿಟ್ಟರು, ಜನ ಮರೆತೇಬಿಟ್ಟರು. 1991ರಲ್ಲಿ ಚೌಕ ರಿಪೇರಿ ಮಾಡುವಾಗ ಮತ್ತೆ ಸಿಕ್ಕಿತು. ಈಗ ಕಬ್ಬಿಣದ ಸೇತುವೆ ಹಾಕಿದ್ದಾರೆ, ಗೈಡ್ ಜೊತೆ ಗುಂಪಾಗಿ ಬಿಡುತ್ತಾರೆ. ಒಳಗೆ ತಣ್ಣಗಿರುತ್ತದೆ, ಒಂದು ಶಾಲು ಇರಲಿ.

ಗೋಡೆಗೆ ನೀರು ಇಳಿಯದ ಹಾಗೆ ಮಡಕೆ ಚೂರನ್ನು ಪುಡಿ ಮಾಡಿ ಸುಣ್ಣಕ್ಕೆ ಬೆರೆಸಿ ಮೆತ್ತಿದ್ದಾರೆ. ಗೈಡ್ ಹುಡುಗಿ ಇದನ್ನು ಹೇಳುತ್ತಿದ್ದಂತೆ ಅಮ್ಮ ನನ್ನ ಕೈ ಹಿಡಿದು "ಸುರ್ಕಿ ಗಾರೆ ಕಣೇ ಇದು" ಅಂದಳು. ನಮ್ಮಲ್ಲಿ ಇಟ್ಟಿಗೆ ಪುಡಿ, ಅವರಲ್ಲಿ ಮಡಕೆ ಪುಡಿ, ಕೆಲಸ ಒಂದೇ. ಕನ್ನಂಬಾಡಿ ಕಟ್ಟೆ ಎದ್ದು ನಿಂತಿದ್ದೂ ಸುರ್ಕಿಯಲ್ಲೇ ಅಲ್ವಾ. ನಾನು ಇಂಗ್ಲಿಷಿನಲ್ಲಿ ಅದನ್ನು ಗೈಡ್‌ಗೆ ಹೇಳಿದೆ, ಅವಳು ಸುರ್ಕಿ ಅನ್ನುವ ಪದವನ್ನು ಫೋನಿನಲ್ಲಿ ಬರೆದುಕೊಂಡಳು.

ಆಮೇಲೆ ಅವಳು ಹೇಳಿದ್ದೇ ಮುಖ್ಯ. ಇದು ದೊಡ್ಡದು, ಇದರ ಜೊತೆ ಸಾಸ್ಸಿಯ ತುಂಬಾ ಮನೆಮನೆಯ ಕೆಳಗೂ ಸಣ್ಣ ಸಣ್ಣ ತೊಟ್ಟಿ ಇದ್ದವು. ಗಂಟೆಯ ಆಕಾರ, ಮೇಲೆ ಕಿರಿದಾದ ಬಾಯಿ, ಅಲ್ಲಿಂದ ಬಿಂದಿಗೆ ಇಳಿಬಿಟ್ಟು ನೀರು ಸೇದುವುದು. ಛಾವಣಿಯ ಮಳೆ ನೀರು ಕಾಲುವೆ ಹಿಡಿದು ಮೇಲಿನ ತೊಟ್ಟಿಗೆ, ಅದು ತುಂಬಿದರೆ ಕೆಳಗಿನದಕ್ಕೆ. ನದಿ ಕಣಿವೆಯ ತಳದಲ್ಲಿ, ಊರು ಬಂಡೆಯ ಮೇಲೆ, ಆದರೂ ಶತಮಾನಗಟ್ಟಲೆ ಜನ ಹನಿ ಹನಿ ಕೂಡಿಟ್ಟು ಬದುಕಿದರು. ಊರಿನಲ್ಲಿ ಜನ ಜಾಸ್ತಿಯಾಗಿ ಜಾಗ ಸಾಲದೆ ಹೋದಾಗ ಕೊಟ್ಟಿಗೆಗಳನ್ನೂ, ಈ ತೊಟ್ಟಿಗಳನ್ನೂ ಬರಿದು ಮಾಡಿ ಸಂಸಾರ ಹೂಡಿದರು. ಕಿಟಕಿ ಇಲ್ಲ, ಗಾಳಿ ಇಲ್ಲ, ಗೋಡೆಯಲ್ಲಿ ಸದಾ ನೀರು. ಕೆಡುಕು ಶುರುವಾಗಿದ್ದು ಅಲ್ಲಿಂದ.

ಹೊರಗೆ ಬಂದ ಮೇಲೆ ಅಮ್ಮ ಮೆಲ್ಲಗೆ ಅಂದಳು, "ನಾವು ರಾತ್ರಿ ಮಲಗಿದ್ದು ಬಾವಿಯೊಳಗೆ ಕಣೇ. ಆ ತೂತು ಬಿಂದಿಗೆ ಬಿಡೋ ಬಾಯಿ." ಕೋಣೆಗೆ ಹೋಗಿ ಮತ್ತೆ ನೋಡಿದೆವು. ಗಂಟೆಯ ಆಕಾರವೇ. ಬಾಯಿಯ ಅಂಚಿನಲ್ಲಿ ಹಗ್ಗ ಉಜ್ಜಿ ಉಜ್ಜಿ ಬಿದ್ದ ಗೀರುಗಳೂ ಇದ್ದವು. ಬಾಡಿಗೆ ಕೊಟ್ಟವರು ಇದರ ಬಗ್ಗೆ ಒಂದು ಸಾಲು ಬರೆದಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು. ಅವರು ಇಟ್ಟಿದ್ದು ವೈಫೈ ಪಾಸ್‌ವರ್ಡ್ ಮತ್ತು ಸ್ಪಾ ಜಾಹೀರಾತು.

ಮಧ್ಯಾಹ್ನ ಕವೆಯೋಸೊ ಕಡೆಯ ಕಾಸಾ ಗ್ರೊಟ್ಟಾಗೆ ಹೋದೆವು, ವಿಕೊ ಸೊಲಿತಾರಿಯೊ ಅನ್ನುವ ಸಂದಿಯಲ್ಲಿದೆ. ಹಳೇ ಗುಹೆ ಮನೆಯನ್ನು ಸಾಮಾನು ಸಮೇತ ಇದ್ದ ಹಾಗೆ ಜೋಡಿಸಿಟ್ಟಿದ್ದಾರೆ. ಟಿಕೆಟ್ ದುಬಾರಿ ಅಲ್ಲ, ಹತ್ತು ಹದಿನೈದು ನಿಮಿಷದ ನೋಟ, ಧ್ವನಿಮುದ್ರಿತ ವಿವರಣೆ ಹಾಕುತ್ತಾರೆ. ಗುಂಪು ಬಂದರೆ ಒಳಗೆ ನಿಲ್ಲಲೂ ಜಾಗ ಇರುವುದಿಲ್ಲ, ಮಧ್ಯಾಹ್ನ ಊಟದ ಹೊತ್ತಿಗೆ ಹೋಗಿ. ಒಂದೇ ಕೋಣೆ. ಎತ್ತರದ ಮಂಚ, ಮುಸುಕಿನ ಜೋಳದ ಸಿಪ್ಪೆ ತುಂಬಿದ ಹಾಸಿಗೆ, ಮಂಚದ ಕೆಳಗೆ ಕೋಳಿ. ಮಗು ಮಲಗಲು ಪೆಟ್ಟಿಗೆಯ ಖಾನೆ. ನಡುವೆ ಸಣ್ಣ ಮೇಜು, ಅದರ ಮೇಲೆ ಒಂದೇ ದೊಡ್ಡ ತಟ್ಟೆ, ಎಲ್ಲರೂ ಅದರಲ್ಲೇ ತಿನ್ನಬೇಕು. ಹಿಂದೆ ಹೇಸರಗತ್ತೆಯ ಜಾಗ. ಮನೆ ತುಂಬಾ ಮಕ್ಕಳು, ಜೊತೆಗೆ ಮಲೇರಿಯಾ.

ಇಂಥ ಮನೆಗಳು ಒಂದೇ ಅಂಗಳಕ್ಕೆ ಬಾಗಿಲು ತೆರೆದು ಸೇರಿಕೊಂಡಿರುತ್ತಿದ್ದವು, ತೊಟ್ಟಿ, ಒಗೆಯುವ ಕಲ್ಲು ಎಲ್ಲರಿಗೂ ಒಂದೇ. ವಿಚಿನಾತೊ ಅನ್ನುತ್ತಾರೆ. ಅಮ್ಮನಿಗೆ ಯಾರೂ ಅನುವಾದ ಮಾಡಿ ಹೇಳಬೇಕಾಗಲಿಲ್ಲ, "ವಠಾರ" ಅಂದಳು. ಅವಳು ಬೆಳೆದದ್ದು ಮೈಸೂರಿನ ಅಗ್ರಹಾರದ ವಠಾರದಲ್ಲೇ, ಏಳು ಮನೆಗೆ ಒಂದು ನಲ್ಲಿ. ಅಲ್ಲಿದ್ದ ಒಂದು ಫಲಕದಲ್ಲಿ ಆ ಕಾಲದ ಒಗ್ಗಟ್ಟು, ಪ್ರೀತಿ, ಹಂಚಿ ತಿನ್ನುವುದು ಅಂತೆಲ್ಲ ಬರೆದಿತ್ತು. ಅಮ್ಮ ಓದಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಪ್ರೀತಿ ಇತ್ತು. ಬೆಳಿಗ್ಗೆ ಬಚ್ಚಲಿಗೆ ಕ್ಯೂ ಕೂಡ ಇತ್ತು. ಮದುವೆಯಾಗಿ ಬೇರೆ ಮನೆಗೆ ಹೋದಾಗ ಬಾಗಿಲು ಹಾಕಿಕೊಂಡು ಸ್ನಾನ ಮಾಡಿದ್ದು ನನಗೆ ಇನ್ನೂ ನೆನಪಿದೆ. ಇವರಿಗೂ ಹೊಸ ಮನೆ ಸಿಕ್ಕಾಗ ಹಾಗೇ ಆಗಿರುತ್ತೆ" ಅಂದಳು.

ಹೊಸ ಮನೆ ಸಿಕ್ಕಿದ ಕಥೆ ಹೀಗೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಮತೇರಾದ ಸ್ಥಿತಿ ಇಟಲಿಗೇ ನಾಚಿಕೆಗೇಡು ಅಂತ ದೇಶದಲ್ಲೆಲ್ಲ ಮಾತಾಯಿತು. 1950ರಲ್ಲಿ ಪ್ರಧಾನಿ ದೆ ಗಾಸ್ಪೆರಿ ಖುದ್ದು ಬಂದು ನೋಡಿದರು. 1952ರಲ್ಲಿ ಕಾನೂನು ಬಂತು, ಮುಂದಿನ ವರ್ಷಗಳಲ್ಲಿ ಸುಮಾರು 15 ಸಾವಿರ ಜನರನ್ನು ಹೊಸ ಬಡಾವಣೆಗಳಿಗೆ ಸಾಗಿಸಿದರು. ಸಾಸ್ಸಿ ಖಾಲಿ. ದಶಕಗಳ ಕಾಲ ಹಾಳು ಬಿತ್ತು. 1986ರಲ್ಲಿ ಇನ್ನೊಂದು ಕಾನೂನು ಮಾಡಿ ರಿಪೇರಿಗೆ ದುಡ್ಡು ಕೊಟ್ಟರು, 1993ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು, 2019ರಲ್ಲಿ ಯುರೋಪಿನ ಸಾಂಸ್ಕೃತಿಕ ರಾಜಧಾನಿ ಆಯಿತು. ಜನರನ್ನು ಹೊರಗೆ ಕಳಿಸಿದ ಅದೇ ಗುಹೆಗೆ ನಾವು ಈಗ ರಾತ್ರಿಗೆ 118 ಯೂರೊ ಕೊಟ್ಟು ಮಲಗುತ್ತೇವೆ. ಇದು ಗೊತ್ತಿದ್ದು ಮಲಗುವುದಕ್ಕೂ, ಗೊತ್ತಿಲ್ಲದೆ ಫೋಟೊ ಹಾಕುವುದಕ್ಕೂ ತುಂಬಾ ವ್ಯತ್ಯಾಸ ಇದೆ ಅಂತ ನನಗೆ ಅನ್ನಿಸುತ್ತದೆ. ಇನ್ನೂ ತಿಳಿಯಬೇಕು ಅನ್ನುವವರು ಕಾಸಾ ನೋಹಾಗೆ ಹೋಗಿ, ಹಳೇ ಮನೆಯೊಂದರ ಗೋಡೆಗಳ ಮೇಲೆ ಊರಿನ ಕಥೆಯನ್ನು ಚಿತ್ರವಾಗಿ ತೋರಿಸುತ್ತಾರೆ, ಕೂರಲು ಜಾಗವಿದೆ. ಅಮ್ಮನ ಮಂಡಿಗೆ ಅದು ಒಳ್ಳೇ ವಿರಾಮ.

ಊಟ. ಸಸ್ಯಾಹಾರಿಗಳಿಗೆ ದಕ್ಷಿಣ ಇಟಲಿಯ ಈ ಭಾಗ ಸಲೀಸು. ಬಡವರ ಅಡುಗೆ, ಹಾಗಾಗಿ ಕಾಳು, ಸೊಪ್ಪು, ಗೋಧಿ. ಅಮ್ಮ ಎರಡು ದಿನವೂ ಕೇಳಿ ತಿಂದದ್ದು ಫಾವೆ ಎ ಚಿಕೋರಿಯಾ: ಒಣ ಫಾವಾ ಕಾಳನ್ನು ಬೇಯಿಸಿ ನುಣ್ಣಗೆ ಮಸೆದು, ಪಕ್ಕದಲ್ಲಿ ಬೇಯಿಸಿದ ಚಿಕೋರಿ ಸೊಪ್ಪು, ಮೇಲೆ ಹಸಿ ಆಲಿವ್ ಎಣ್ಣೆ. ಹೌದು, ನಮ್ಮ ಕಾಫಿ ಪುಡಿಗೆ ಬೇರು ಹಾಕುತ್ತಾರಲ್ಲ, ಅದೇ ಚಿಕೋರಿ ಗಿಡ. ಅರವತ್ತು ವರ್ಷ ಬೇರನ್ನು ಕುಡಿದು ಸೊಪ್ಪನ್ನು ಇವತ್ತು ನೋಡಿದೆ ಅಂತ ಅಮ್ಮನಿಗೆ ಆಶ್ಚರ್ಯ. ಸೊಪ್ಪು ಸ್ವಲ್ಪ ಕಹಿ, ಕಾಳು ಸಿಹಿ, ಎರಡೂ ಸೇರಿದರೆ ಬಾಯಿಗೆ ಹಿತ. ಇನ್ನೊಂದು, ಪೆಪೆರೋನಿ ಕ್ರುಸ್ಕಿ. ಕೆಂಪು ಮೆಣಸಿನಕಾಯಿಯನ್ನು ಸರ ಪೋಣಿಸಿ ಬಿಸಿಲಲ್ಲಿ ಒಣಗಿಸಿ, ಎಣ್ಣೆಯಲ್ಲಿ ಒಂದೆರಡು ಕ್ಷಣ ಬಿಟ್ಟು ತೆಗೆಯುತ್ತಾರೆ. ನೋಡಲು ಬಾಳಕದ ತಂಗಿ, ಕಡಿದರೆ ಗರಿಗರಿ, ಆದರೆ ಖಾರ ಇಲ್ಲವೇ ಇಲ್ಲ. ಅದನ್ನು ಪುಡಿ ಮಾಡಿ, ಹುರಿದ ಬ್ರೆಡ್ ಪುಡಿ ಜೊತೆ ಪಾಸ್ತಾ ಮೇಲೆ ಉದುರಿಸಿ ಕೊಡುತ್ತಾರೆ. ಚೆನ್ನಾಗಿರುತ್ತದೆ.

ಎಚ್ಚರ ಇರಬೇಕಾದದ್ದು ಆಂಚೊವಿ ಮೀನು. ಸೊಪ್ಪಿನ ಪಾಸ್ತಾದಲ್ಲಿ ಕರಗಿಸಿ ಹಾಕಿರುತ್ತಾರೆ, ಕಣ್ಣಿಗೆ ಕಾಣುವುದಿಲ್ಲ, ಮೆನುವಿನಲ್ಲಿ ಬರೆದಿರುವುದೂ ಇಲ್ಲ. "ಸೆಂಜ಼ಾ ಕಾರ್ನೆ, ಸೆಂಜ಼ಾ ಪೆಶೆ, ಸೆಂಜ಼ಾ ಅಚ್ಚುಗೆ" ಅಂತ ಹೇಳಿ, ಮಾಂಸ ಬೇಡ, ಮೀನು ಬೇಡ, ಆಂಚೊವಿ ಬೇಡ ಅಂತ. ಕೊನೆಯದನ್ನು ಬಿಡಬೇಡಿ. ರಾತ್ರಿ ಅಡುಗೆಮನೆ ತೆರೆಯುವುದು ಏಳೂವರೆ ಎಂಟಕ್ಕೆ. ಆರೂವರೆಗೆ ಹಸಿವಾಗುವ ಅಮ್ಮನಂಥವರಿಗೆ ಬೇಕರಿಯ ಫೊಕಾಚಿಯಾ ಅನ್ನುವ ಚಪ್ಪಟೆ ಬ್ರೆಡ್ ಕಟ್ಟಿಸಿ ಇಟ್ಟುಕೊಳ್ಳುವುದು ಒಳ್ಳೆಯದು. ಬಿಲ್ಲಿನಲ್ಲಿ ಕೊಪೆರ್ತೊ ಅಂತ ತಲೆಗೆ ಎರಡು ಮೂರು ಯೂರೊ ಸೇರಿರುತ್ತದೆ, ಅದು ಅಲ್ಲಿನ ಪದ್ಧತಿ.

ಬ್ರೆಡ್ಡಿನ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಮತೇರಾದ ಬ್ರೆಡ್ ರವೆ ಗೋಧಿಯದು, ಒಳಗೆ ಹಳದಿ, ಹೊರಗೆ ದಪ್ಪ ಕಂದು ಸಿಪ್ಪೆ, ಆಕಾರ ಕೊಂಬಿನ ಹಾಗೆ. ಹಿಂದೆ ಮನೆಯಲ್ಲಿ ಹಿಟ್ಟು ನಾದಿ ಬೇಯಿಸಲು ಸಾರ್ವಜನಿಕ ಒಲೆಗೆ ಕಳಿಸುತ್ತಿದ್ದರು. ಯಾರದು ಯಾವುದು ಅಂತ ಗೊತ್ತಾಗಲು ಮನೆಯ ಯಜಮಾನನ ಅಕ್ಷರ ಕೆತ್ತಿದ ಮರದ ಅಚ್ಚು ಒತ್ತುತ್ತಿದ್ದರು. ಆ ಅಚ್ಚುಗಳನ್ನು ಈಗ ಅಂಗಡಿಗಳಲ್ಲಿ ಕೆತ್ತಿ ಮಾರುತ್ತಾರೆ. ಅಮ್ಮ ಅವಳ ಅಮ್ಮನ ಹೆಸರಿನ ಮೊದಲ ಅಕ್ಷರದ್ದು ಒಂದು ತೆಗೆದುಕೊಂಡಳು, ಚಪಾತಿಗೆ ಒತ್ತುತ್ತಾಳಂತೆ.

ಭಾನುವಾರ ಬೆಳಿಗ್ಗೆ ಐದೂವರೆಗೆ ಅಮ್ಮ ಮಲಗಿರುವಾಗ ನಾನೊಬ್ಬಳೇ ಎದ್ದು ಪೊರ್ತಾ ಪಿಸ್ತೊಲಾ ಹತ್ತಿರದಿಂದ ಕಣಿವೆಗೆ ಇಳಿದೆ. ಕೆಳಗೆ ಹೊಳೆಗೆ ತೂಗುಸೇತುವೆ ಇದೆ, ದಾಟಿ ಆಚೆ ದಡ ಹತ್ತಿದರೆ ಮುರ್ಜಿಯಾ ಬಯಲು. ಅಲ್ಲಿಂದ ತಿರುಗಿ ನೋಡಿದರೆ ಇಡೀ ಸಾಸ್ಸಿ ಎದುರಿಗೆ. ಒಳ್ಳೆಯ ಬೂಟು ಬೇಕು, ನೀರು ಬೇಕು, ಇಳಿದು ಹತ್ತಲು ಎರಡು ಗಂಟೆ ಇಟ್ಟುಕೊಳ್ಳಿ. ಸಣ್ಣ ಡೇಗೆಗಳು ತಲೆ ಮೇಲೆ ಹಾರುತ್ತಿದ್ದವು. ಗ್ರಿಲ್ಲಾಯಿಯೊ ಅನ್ನುತ್ತಾರೆ, ಚಳಿಗಾಲಕ್ಕೆ ಆಫ್ರಿಕಾಕ್ಕೆ ಹೋಗಿ ವಸಂತದಲ್ಲಿ ಮರಿ ಮಾಡಲು ಈ ಊರಿನ ಹೆಂಚು, ಗೋಡೆ ಬಿರುಕುಗಳಿಗೆ ವಾಪಸ್ ಬರುತ್ತವೆ. ಜನ ಬಿಟ್ಟುಹೋದ ಗುಹೆಗಳ ಬಾಯಿಯ ಮುಂದೆ ಅವು ಸುತ್ತುತ್ತಿರುವುದನ್ನು ನೋಡುತ್ತಾ ಒಂದು ಗಂಟೆ ಅಲ್ಲೇ ಕೂತಿದ್ದೆ. ಅಮ್ಮನಿಗೆ ಈ ನೋಟ ಸಿಗಲಿಲ್ಲವಲ್ಲ ಅನ್ನುವುದೊಂದೇ ಬೇಸರ. ಕಾರು ಇದ್ದರೆ ರಸ್ತೆಯಲ್ಲೇ ಸುತ್ತಿ ಆಚೆ ದಡದ ಬೆಲ್ವೆದೆರೆ, ಅಂದರೆ ಊರು ನಿಂತು ನೋಡುವ ಜಾಗದ ಹತ್ತಿರ ಹೋಗಬಹುದು, ಮುಂದಿನ ಸಲ ಹಾಗೆ ಮಾಡುತ್ತೇನೆ.

ವಯಸ್ಸಾದವರ ಜೊತೆ ಹೋಗುವವರಿಗೆ ಇಷ್ಟು ಹೇಳುತ್ತೇನೆ. ಕೋಣೆಯನ್ನು ಸಾಸ್ಸಿ ಒಳಗೆ ಹಿಡಿಯಬೇಡಿ, ಮೇಲೆ ವಿಟ್ಟೋರಿಯೊ ವೆನೆತೊ ಚೌಕದ ಸುತ್ತ ಹಿಡಿಯಿರಿ. ಸಮತಟ್ಟು ರಸ್ತೆ, ಅಂಗಡಿ ಹತ್ತಿರ, ಸ್ಟೇಷನ್‌ಗೆ ನಡೆದೇ ಹೋಗಬಹುದು. ಚೌಕದ ಅಂಚಿನ ಕಮಾನುಗಳ ಹಿಂದೆಯೇ ಒಂದು ಬೆಲ್ವೆದೆರೆ ಇದೆ, ಒಂದು ಮೆಟ್ಟಿಲೂ ಇಳಿಯದೆ ಬರಿಸಾನೊ ಪೂರ್ತಿ ಕಾಣುತ್ತದೆ. ನಾವು ಎರಡೂ ಸಂಜೆ ಅಲ್ಲೇ ಕಳೆದೆವು, ದೀಪ ಒಂದೊಂದಾಗಿ ಹೊತ್ತಿಕೊಳ್ಳುವಾಗ ಅಮ್ಮ "ನಮ್ಮ ಚಾಮುಂಡಿ ಬೆಟ್ಟದಿಂದ ಊರು ನೋಡಿದ ಹಾಗೆ" ಅಂದಳು. ಗುಹೆಯಲ್ಲೇ ಮಲಗಬೇಕು ಅಂದರೆ ಒಂದು ರಾತ್ರಿ ಸಾಕು, ಕಿಟಕಿ ಇದೆಯಾ, ವಾಹನ ಎಲ್ಲಿವರೆಗೆ ಬರುತ್ತದೆ, ಮೆಟ್ಟಿಲು ಎಷ್ಟು ಅಂತ ಬರವಣಿಗೆಯಲ್ಲಿ ಕೇಳಿ ಉತ್ತರ ಇಟ್ಟುಕೊಳ್ಳಿ. ಜುಲೈ 2ರಂದು ಬ್ರುನಾ ಹಬ್ಬ, ಕಾಗದ ಅರೆದ ಮುದ್ದೆಯಿಂದ ಮಾಡಿದ ದೊಡ್ಡ ತೇರನ್ನು ರಾತ್ರಿ ಜನರೇ ಮುಗಿಬಿದ್ದು ಕಿತ್ತು ಚೂರು ಮಾಡಿ ಮನೆಗೆ ಒಯ್ಯುತ್ತಾರೆ. ನೋಡಬೇಕು ಅಂತ ನನಗೆ ಆಸೆ ಇದೆ, ಆದರೆ ಆ ನೂಕುನುಗ್ಗಲಿಗೆ ಅಮ್ಮನಂಥವರನ್ನು ಕರೆದೊಯ್ಯುವ ಮಾತೇ ಇಲ್ಲ.

ವಾಪಸ್ ಬರುವಾಗ ಭಾನುವಾರ, ನಾವು ನೋಡಿಕೊಂಡಿದ್ದ ರೈಲಿನ ಬದಲು ಬಸ್ ಇತ್ತು. ವಾರದ ದಿನದ ಸಮಯ ಬೇರೆ, ಭಾನುವಾರದ್ದು ಬೇರೆ, ಹೊರಡುವ ಹಿಂದಿನ ದಿನವೇ ನೋಡಿಕೊಳ್ಳಿ. ಬಸ್ಸಿನಲ್ಲಿ ಅಮ್ಮನ ಮಡಿಲಲ್ಲಿ ಎರಡು ಕಿಲೋ ಬ್ರೆಡ್ಡು. ಇಷ್ಟು ಯಾಕಮ್ಮ ಅಂದರೆ "ವಾರ ಇರುತ್ತೆ ಅಂತ ಆ ಬೇಕರಿಯಮ್ಮ ಕೈಸನ್ನೆ ಮಾಡಿ ಹೇಳಿದಳು" ಅಂದಳು. ಗುರುವಾರದವರೆಗೂ ಇತ್ತು. ಕಾವಲಿಗೆ ಹಾಕಿ, ತುಪ್ಪ ಸವರಿ, ಚಟ್ನಿಪುಡಿ ಉದುರಿಸಿ ತಿಂದೆವು.